ತುರ್ತುಪರಿಸ್ಥಿತಿಯ ಕಾಲದ ಹಳೇ ಪೇಪರ್ ಓದುವುದು ಹೇಗೆ

ಜೂನ್ 25 ಹತ್ತಿರ ಬಂದರೆ ಸಾಕು, ನನಗೆ ಫೋನ್ ಶುರುವಾಗುತ್ತದೆ. "ಮೇಡಂ, ಎಮರ್ಜೆನ್ಸಿ ಟೈಮಲ್ಲಿ ನಮ್ಮೂರಲ್ಲಿ ಏನಾಯ್ತು ಅಂತ ಬರೀಬೇಕು. ಹಳೇ ಪೇಪರ್ ಎಲ್ಲಿ ಸಿಗುತ್ತೆ?" ಕೇಳುವವರು ಹೆಚ್ಚಾಗಿ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು, ಕೆಲವರು ಹೈಸ್ಕೂಲ್ ಮೇಷ್ಟ್ರು. ಪೇಪರ್ ಸಿಗುವ ಜಾಗ ಹೇಳುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ. ಸಿಕ್ಕ ಮೇಲೆ ಅದನ್ನು ಹೇಗೆ ಓದಬೇಕು ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದ ತುರ್ತುಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ಇತ್ತು. ಸುಮಾರು 21 ತಿಂಗಳು. ಅದರಲ್ಲಿ ಬಹುಪಾಲು ದಿನ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ತಯಾರಿ ಇಲ್ಲದೆ ಆ ಕಾಲದ ಫೈಲ್ ಬಿಚ್ಚಿದವರಿಗೆ ಏನು ಕಾಣುತ್ತದೆ ಗೊತ್ತಾ? ದೇಶ ಶಾಂತವಾಗಿದೆ. ರೈಲುಗಳು ಸರಿಯಾದ ಹೊತ್ತಿಗೆ ಬರುತ್ತಿವೆ. ಇಂದಿರಾ ಗಾಂಧಿ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮ ಎಲ್ಲ ಕಡೆ ಭರದಿಂದ ಸಾಗಿದೆ. ಕೆಲವರು ಇದನ್ನು ಹಾಗೇ ನಂಬಿ ಬರೆಯುತ್ತಾರೆ. ಇನ್ನು ಕೆಲವರು "ಎಲ್ಲಾ ಸುಳ್ಳು" ಅಂತ ಫೈಲ್ ಮುಚ್ಚಿ ಎದ್ದು ಬರುತ್ತಾರೆ. ಇಬ್ಬರಿಗೂ ನಷ್ಟ. ಆ ಪೇಪರಿನಲ್ಲಿ ಅವತ್ತು ಏನನ್ನು ಹೇಳಲು ಬಿಟ್ಟರು, ಏನನ್ನು ಬಿಡಲಿಲ್ಲ ಅನ್ನುವುದರ ದಾಖಲೆ ಇದೆ. ಅದನ್ನು ಓದಲು ಕಲಿತರೆ ರಾಜಕೀಯ ಪತ್ರಿಕೆಗೆ ಏನು ಮಾಡಿತು, ಪತ್ರಿಕೆ ಚರಿತ್ರೆಗೆ ಏನು ಉಳಿಸಿತು ಅನ್ನುವುದು ಕಣ್ಣೆದುರೇ ಕಾಣುತ್ತದೆ.

ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದವಳು. ಸೇರಿದ್ದು ಎಂಬತ್ತರ ದಶಕದಲ್ಲಿ, ಅಂದರೆ ಸೆನ್ಸಾರ್ ಮುಗಿದು ಎಷ್ಟೋ ವರ್ಷದ ಮೇಲೆ. ಆದರೆ ನನಗೆ ಹೆಡ್‌ಲೈನ್ ಬರೆಯಲು ಕಲಿಸಿದವರೆಲ್ಲ ಆ ದಿನಗಳಲ್ಲಿ ರಾತ್ರಿ ಪಾಳಿ ಮಾಡಿದವರು. ಕೆಳಗೆ ಹೇಳುವುದರಲ್ಲಿ ಅರ್ಧ ಅವರಿಂದ ಕಲಿತದ್ದು.

ಹೊರಡುವ ಮೊದಲು

ಒಂದು ನೋಟ್‌ಬುಕ್ಕಿನಲ್ಲಿ ತಾರೀಕುಗಳನ್ನು ಬರೆದುಕೊಳ್ಳಿ. ಇದಿಲ್ಲದೆ ಲೈಬ್ರರಿಗೆ ಹೋದರೆ ಇಡೀ ದಿನ ಸಿನಿಮಾ ಜಾಹೀರಾತು ನೋಡಿಕೊಂಡು ವಾಪಸ್ ಬರುತ್ತೀರಿ.

1975ರ ಜೂನ್ 12: ಇಂದಿರಾ ಗಾಂಧಿಯವರ ರಾಯ್‌ಬರೇಲಿ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ರದ್ದು ಮಾಡಿದರು. ಗುಜರಾತ್ ವಿಧಾನಸಭೆಯ ಫಲಿತಾಂಶವೂ ಅದೇ ಹೊತ್ತಿಗೆ ಬಂದು ಕಾಂಗ್ರೆಸ್ ಸೋತಿತು. ಜೂನ್ 24: ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವ ಹಾಗಿಲ್ಲ. ಜೂನ್ 25: ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ಚಳವಳಿಯ ನಾಯಕ ಜಯಪ್ರಕಾಶ್ ನಾರಾಯಣ್ ಸಭೆ. ಜುಲೈ 1: ಇಪ್ಪತ್ತು ಅಂಶಗಳ ಕಾರ್ಯಕ್ರಮ. ಜುಲೈ 21: ಸಂಸತ್ ಅಧಿವೇಶನ ಶುರು. 1976ರ ಏಪ್ರಿಲ್ ಮೂರನೇ ವಾರ: ದೆಹಲಿಯ ತುರ್ಕಮಾನ್ ಗೇಟ್ ಗೋಲಿಬಾರ್. ಏಪ್ರಿಲ್ 28: ಸುಪ್ರೀಂ ಕೋರ್ಟಿನ ಹೇಬಿಯಸ್ ಕಾರ್ಪಸ್ ತೀರ್ಪು, ಅಂದರೆ ತುರ್ತುಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಹಾಗಿಲ್ಲ ಅಂದದ್ದು. 1977ರ ಜನವರಿ 18: ಚುನಾವಣೆಯ ಘೋಷಣೆ. ಮಾರ್ಚ್ 20: ಫಲಿತಾಂಶ ಬರಲು ಶುರು.

ಇದರ ಪಕ್ಕದಲ್ಲೇ ನಿಮ್ಮ ಜಿಲ್ಲೆಯ ತಾರೀಕುಗಳಿಗೆ ಜಾಗ ಬಿಡಿ. ಅದು ತುಂಬುವುದು ಆಮೇಲೆ.

ಒಂದು ವಿಷಯ ಚೆನ್ನಾಗಿ ನೆನಪಿಡಿ. ಘಟನೆ ನಡೆದದ್ದು ಇವತ್ತಾದರೆ ಪೇಪರಿನಲ್ಲಿ ಬರುವುದು ನಾಳೆ. ಹಾಗಾಗಿ ಜೂನ್ 26ರ ಬೆಳಗಿನ ಪೇಪರಿನಲ್ಲಿ ತುರ್ತುಪರಿಸ್ಥಿತಿ ಹುಡುಕಿ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ. ಘೋಷಣೆಗೆ ಸಹಿ ಬಿದ್ದದ್ದು ತಡರಾತ್ರಿ. ಕೇಂದ್ರ ಸಚಿವ ಸಂಪುಟಕ್ಕೇ ವಿಷಯ ಗೊತ್ತಾದದ್ದು ಬೆಳಿಗ್ಗೆ 6 ಗಂಟೆಯ ಸಭೆಯಲ್ಲಿ. ಜನರಿಗೆ ಗೊತ್ತಾದದ್ದು ಆಮೇಲೆ ರೇಡಿಯೋದಲ್ಲಿ. ನಮ್ಮ ಕಡೆಗೆ ಬರುವ ಡಾಕ್ ಎಡಿಷನ್, ಅಂದರೆ ದೂರದ ಊರುಗಳಿಗೆ ಅಂತ ಬೇಗ ಅಚ್ಚಾಗುವ ಆವೃತ್ತಿ, ಅಷ್ಟು ಹೊತ್ತಿಗೆ ಅಚ್ಚಾಗಿ ಬಸ್ಸು ಹತ್ತಿ ಆಗಿರುತ್ತಿತ್ತು. ನೀವು ನೋಡಬೇಕಾದದ್ದು 27ರ ಪೇಪರ್.

ಎಲ್ಲಿ ಹುಡುಕಬೇಕು

ಬೆಂಗಳೂರಿನಲ್ಲಿದ್ದರೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಶುರು ಮಾಡಿ. ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳ ಲೈಬ್ರರಿಗಳಲ್ಲಿ ಕೇಳಿ. ನಿಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯ, ಹಳೇ ಕಾಲೇಜುಗಳ ಲೈಬ್ರರಿ, ಮಠಗಳು ನಡೆಸುವ ವಾಚನಾಲಯ ಇವನ್ನು ಬಿಡಬೇಡಿ. ಊರಿನ ಸಣ್ಣ ಪತ್ರಿಕೆಯ ಫೈಲ್ ಹಳೇ ಸಂಪಾದಕರ ಮನೆಯ ಅಟ್ಟದಲ್ಲೇ ಇರುವುದು ಜಾಸ್ತಿ. ದೆಹಲಿಯ ತೀನ್ ಮೂರ್ತಿ ಭವನದ ಲೈಬ್ರರಿಯಲ್ಲಿ ಮೈಕ್ರೋಫಿಲ್ಮ್ ಇದೆ. ಕೂತಲ್ಲೇ ನೋಡಬೇಕೆಂದರೆ ಗೂಗಲ್ ನ್ಯೂಸ್ ಆರ್ಕೈವ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ ಹಳೇ ಸಂಚಿಕೆಗಳ ಸ್ಕ್ಯಾನ್ ಸಿಗುತ್ತವೆ. ಎಲ್ಲ ದಿನದ್ದೂ ಇಲ್ಲ, ಆದರೂ ಅಭ್ಯಾಸಕ್ಕೆ ಸಾಕು.

ಕಾಲೇಜಿನಿಂದ ಒಂದು ಪತ್ರ, ಆಧಾರ್ ಪ್ರತಿ, ಪೆನ್ಸಿಲ್, ಒಂದು ಅಡಿ ಸ್ಕೇಲ್ ತೆಗೆದುಕೊಂಡು ಹೋಗಿ. ಪೆನ್ನು ಬ್ಯಾಗಿನಲ್ಲೇ ಇರಲಿ. ನ್ಯೂಸ್‌ಪ್ರಿಂಟ್ ಐವತ್ತು ವರ್ಷಕ್ಕೆ ಹಪ್ಪಳವಾಗಿರುತ್ತದೆ. ಹಾಳೆಯ ಕೆಳತುದಿ ಹಿಡಿದು ಎಳೆಯಬೇಡಿ. ಮೇಲಿನ ಮೂಲೆಯಿಂದ ಎತ್ತಿ, ಇನ್ನೊಂದು ಅಂಗೈ ಅಡಿಗಿಟ್ಟು ತಿರುಗಿಸಿ. ಬೆರಳಿಗೆ ಎಂಜಲು ಹಚ್ಚುವ ಅಭ್ಯಾಸ ಇದ್ದರೆ ದಯವಿಟ್ಟು ಅಲ್ಲಿ ಬೇಡ. ಹಾಳೆಗೂ ಕೆಟ್ಟದ್ದು, ನಿಮಗೂ ಕೆಟ್ಟದ್ದು. ಫೋಟೋ ತೆಗೆಯಲು ಬಿಟ್ಟರೆ ಫ್ಲಾಶ್ ಆಫ್ ಮಾಡಿ. ಪ್ರತಿ ದಿನದ್ದೂ ಮೊದಲು ಪತ್ರಿಕೆಯ ಹೆಸರು, ತಾರೀಕು ಕಾಣುವ ಹಾಗೆ ಇಡೀ ಪುಟದ ಒಂದು ಫೋಟೋ, ಆಮೇಲೆ ಬೇಕಾದ ಸುದ್ದಿಯದ್ದು. ಬರೀ ಸುದ್ದಿಯ ತುಂಡಿನ ಫೋಟೋ ಆರು ತಿಂಗಳ ನಂತರ ಯಾವ ಕೆಲಸಕ್ಕೂ ಬರುವುದಿಲ್ಲ.

ಜೂನ್ 13ರಿಂದ ಓದಿ

ನೇರವಾಗಿ 27ಕ್ಕೆ ಹಾರಬೇಡಿ. ಜೂನ್ 13ರಿಂದ 26ರವರೆಗಿನ ಪೇಪರನ್ನು ಮೊದಲು ನಿಧಾನವಾಗಿ ಓದಿ. ಸೆನ್ಸಾರ್ ಇಲ್ಲದಾಗ ಆ ಪತ್ರಿಕೆ ಹೇಗೆ ಮಾತಾಡುತ್ತಿತ್ತು ಅನ್ನುವುದು ಗೊತ್ತಾಗದೆ ಅದು ಎಲ್ಲಿ ಸುಮ್ಮನಾಯಿತು ಅನ್ನುವುದು ತಿಳಿಯುವುದಿಲ್ಲ. ಸಂಪಾದಕೀಯದಲ್ಲಿ ಪ್ರಧಾನಿ ರಾಜೀನಾಮೆ ಕೊಡಬೇಕು ಅಂದಿದ್ದಾರಾ, ಬೇಡ ಅಂದಿದ್ದಾರಾ? ವಾಚಕರ ಪತ್ರಗಳಲ್ಲಿ ಜಗಳ ಇದೆಯಾ? ವಿರೋಧ ಪಕ್ಷದವರ ಭಾಷಣಕ್ಕೆ ಎಷ್ಟು ಕಾಲಂ ಕೊಟ್ಟಿದ್ದಾರೆ? ಇದನ್ನು ಬರೆದಿಟ್ಟುಕೊಳ್ಳಿ. ಇದೇ ನಿಮ್ಮ ಅಳತೆಗೋಲು.

ಆಮೇಲೆ 27ನ್ನು ಬಿಚ್ಚಿ. ಇಲ್ಲಿ ಬೆಂಗಳೂರಿಗೇ ಸೇರಿದ ಒಂದು ಪರೀಕ್ಷೆ ಇದೆ. ಜೂನ್ 26ರ ಬೆಳಿಗ್ಗೆ ಸಂಸದೀಯ ಸಮಿತಿಯೊಂದರ ಸಭೆಗೆ ಬಂದು ಶಾಸಕರ ಭವನದಲ್ಲಿ ಉಳಿದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಅವರನ್ನು ಬೆಂಗಳೂರಿನಲ್ಲೇ ಬಂಧಿಸಿದರು. ಸೆಂಟ್ರಲ್ ಜೈಲಿಗೆ ಹಾಕಿದರು. ನಮ್ಮ ವರದಿಗಾರರ ಕಣ್ಣೆದುರೇ ನಡೆದ, ದೇಶಕ್ಕೇ ದೊಡ್ಡ ಸುದ್ದಿ. ನಿಮ್ಮ ಕೈಲಿರುವ ಪತ್ರಿಕೆಯಲ್ಲಿ ಅದು ಇದೆಯಾ? ಯಾವ ಪುಟದಲ್ಲಿ? ಎಷ್ಟು ಸಾಲು? ಹೆಸರುಗಳಿವೆಯಾ, ಅಥವಾ ಬರೀ "ಕೆಲವು ನಾಯಕರು" ಅಂತ ಇದೆಯಾ? ಎರಡು ಮೂರು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾರು ಎಷ್ಟು ಧೈರ್ಯ ಮಾಡಿದರು ಅನ್ನುವುದನ್ನು ಯಾರ ಆತ್ಮಕಥೆಯೂ ಇಷ್ಟು ನೇರವಾಗಿ ಹೇಳುವುದಿಲ್ಲ.

ದೆಹಲಿಯ ಪತ್ರಿಕೆಗಳನ್ನು ನೋಡುವವರಿಗೆ ಇನ್ನೊಂದು ಸೂಚನೆ. 25ರ ರಾತ್ರಿ ಬಹಾದುರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ಕರೆಂಟ್ ತೆಗೆದರು. ಅಲ್ಲಿನ ಎಷ್ಟೋ ಪತ್ರಿಕೆಗಳು ಮರುದಿನ ಬರಲೇ ಇಲ್ಲ. ಸ್ಟೇಟ್ಸ್‌ಮನ್, ಹಿಂದೂಸ್ತಾನ್ ಟೈಮ್ಸ್ ಕಚೇರಿಗಳಿಗೆ ಕರೆಂಟ್ ಬರುತ್ತಿದ್ದದ್ದು ಬೇರೆ ಸಂಸ್ಥೆಯಿಂದ, ಹಾಗಾಗಿ ಅವು ಅಚ್ಚಾದವು. ಫೈಲಿನಲ್ಲಿ ಒಂದು ದಿನದ ಸಂಚಿಕೆ ಇಲ್ಲದಿದ್ದರೆ ಲೈಬ್ರರಿಯವರು ಕಳೆದಿದ್ದಾರೆ ಅಂತ ತಕ್ಷಣ ಅಂದುಕೊಳ್ಳಬೇಡಿ. ಆ ದಿನ ಪತ್ರಿಕೆ ಹೊರಬಂದಿತ್ತಾ ಅನ್ನುವುದನ್ನು ಮೊದಲು ವಿಚಾರಿಸಿ.

ಖಾಲಿ ಜಾಗ, ಸಣ್ಣ ಅಕ್ಷರ

ಜೂನ್ 28ರ ಇಂಡಿಯನ್ ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟದ್ದು ಎಲ್ಲರಿಗೂ ಗೊತ್ತು. ಟೈಮ್ಸ್ ಆಫ್ ಇಂಡಿಯಾದ ಮುಂಬೈ ಆವೃತ್ತಿಯಲ್ಲಿ ಯಾರೋ ಒಂದು ನಿಧನ ವಾರ್ತೆಯ ಜಾಹೀರಾತು ಹಾಕಿಸಿದ್ದೂ ಹೆಸರಾಯಿತು. ಟಿ. ರೂತ್ ಅವರ ಪತಿ, ಎಲ್.ಐ. ಬರ್ಟಿಯ ತಂದೆ, ಡಿ.ಇ.ಎಂ. ಓಕ್ರಸಿ ಜೂನ್ 26ರಂದು ತೀರಿಕೊಂಡರು ಅಂತ. ಹೆಸರುಗಳನ್ನು ಕೂಡಿಸಿ ಇಂಗ್ಲಿಷಿನಲ್ಲಿ ಓದಿ, ಸತ್ತದ್ದು ಯಾರು ಅಂತ ತಿಳಿಯುತ್ತದೆ.

ಆದರೆ ಬೇರೆ ಪತ್ರಿಕೆಗಳಲ್ಲೂ ಇಂಥ ಖಾಲಿ ಜಾಗ ಸಿಗುತ್ತದೆ ಅಂತ ಕಾಯಬೇಡಿ. ಸಂಪಾದಕೀಯವನ್ನು ಖಾಲಿ ಬಿಡುವುದಾಗಲಿ, ಆ ಜಾಗದಲ್ಲಿ ಗಾಂಧಿ, ಟಾಗೋರ್ ಅವರ ಮಾತುಗಳನ್ನು ತುಂಬುವುದಾಗಲಿ ಕೂಡದು ಅಂತ ಸ್ವಲ್ಪ ದಿನಕ್ಕೇ ಸೂಚನೆ ಬಂತು. ಅಲ್ಲಿಂದ ಮುಂದೆ ಮೌನ ಕೂಡ ತುಂಬಿದ ಕಾಲಂ ಆಗಿಯೇ ಕಾಣುತ್ತದೆ. ಮಳೆ, ಬೆಳೆ, ಸ್ವಚ್ಛತೆ, ವಿದೇಶದ ಯಾವುದೋ ಚುನಾವಣೆ ಬಗ್ಗೆ ಸಂಪಾದಕೀಯ ಬರೆಯಲು ಶುರುವಾದರೆ ಅದನ್ನೂ ಬರೆದುಕೊಳ್ಳಿ. ಒಂದು ತಿಂಗಳ ಸಂಪಾದಕೀಯಗಳ ವಿಷಯಗಳನ್ನು ಬರೀ ಪಟ್ಟಿ ಮಾಡಿ. ಮೇ ತಿಂಗಳದ್ದು ಒಂದು, ಆಗಸ್ಟ್ ತಿಂಗಳದ್ದು ಒಂದು. ವ್ಯತ್ಯಾಸ ಹೇಳಲು ಬೇರೆ ವಿವರಣೆ ಬೇಕಾಗುವುದಿಲ್ಲ.

ಸುದ್ದಿಯ ತಲೆಯಲ್ಲಿ ಊರು, ತಾರೀಕಿನ ಜೊತೆ ಏಜೆನ್ಸಿಯ ಹೆಸರು ಇರುತ್ತದಲ್ಲ, ಅದನ್ನು ಯಾರೂ ಓದುವುದಿಲ್ಲ. ನೀವು ಓದಿ. 1975ರಲ್ಲಿ ಪಿಟಿಐ, ಯುಎನ್‌ಐ, ಹಿಂದೂಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ಅಂತ ನಾಲ್ಕು ಏಜೆನ್ಸಿಗಳಿದ್ದವು. 1976ರ ಫೆಬ್ರವರಿಯಲ್ಲಿ ನಾಲ್ಕನ್ನೂ ಸೇರಿಸಿ "ಸಮಾಚಾರ್" ಅಂತ ಒಂದೇ ಮಾಡಿದರು. ಅಲ್ಲಿಂದ ಮುಂದಿನ ಫೈಲಿನಲ್ಲಿ ನೋಡಿ, ಆ ನಾಲ್ಕು ಹೆಸರು ಮಾಯವಾಗಿ ಒಂದೇ ಹೆಸರು ಬರುತ್ತದೆ. ದೆಹಲಿಯಲ್ಲಿ ವರದಿಗಾರರನ್ನು ಇಡುವ ಶಕ್ತಿ ಇಲ್ಲದ ಕನ್ನಡ ಪತ್ರಿಕೆಗೆ ಟೆಲಿಪ್ರಿಂಟರೇ ಗತಿ. ಎರಡು ಏಜೆನ್ಸಿ ಇದ್ದಾಗ ಒಂದರ ಸುದ್ದಿಯನ್ನು ಇನ್ನೊಂದರ ಜೊತೆ ತಾಳೆ ನೋಡಬಹುದಿತ್ತು. ಒಂದೇ ಆದ ಮೇಲೆ ಅದೂ ಹೋಯಿತು. 1978ರಲ್ಲಿ ಸಮಾಚಾರ್ ಒಡೆದು ಮತ್ತೆ ಹಳೇ ಹೆಸರುಗಳು ಬಂದವು. ದೇಶದ ರಾಜಕೀಯದ ಇಷ್ಟು ದೊಡ್ಡ ಬದಲಾವಣೆ ಈ ಒಂದು ಸಣ್ಣ ಪದದಲ್ಲಿ ಕೂತಿದೆ.

ಕೊನೆಯ ಪುಟದ ತಳದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿರುವ ಸಾಲನ್ನೂ ಬಿಡಬೇಡಿ. 1867ರ ಕಾಯ್ದೆಯ ಪ್ರಕಾರ ಅದನ್ನು ಹಾಕಲೇಬೇಕಿತ್ತು. ಹೆಸರು ಬದಲಾದ ದಿನವನ್ನು ಗುರುತು ಹಾಕಿ. ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಎಸ್. ಮುಳಗಾಂವ್ಕರ್ ಹೋಗಿ ವಿ.ಕೆ. ನರಸಿಂಹನ್ ಬಂದದ್ದು ಇದೇ ಕಾಲದಲ್ಲಿ. ಹೆಸರು ಯಾಕೆ ಬದಲಾಯಿತು ಅಂತ ವಿಚಾರಿಸಿದರೆ ಒಂದು ಕಥೆ ಸಿಕ್ಕೇ ಸಿಗುತ್ತದೆ.

ಸ್ಕೇಲ್ ತನ್ನಿ ಅಂದದ್ದು ಜಾಹೀರಾತಿಗೆ. ಸರ್ಕಾರಿ ಜಾಹೀರಾತು ಒಂದು ವಾರದಲ್ಲಿ ಎಷ್ಟು ಕಾಲಂ, ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ. 1975ರ ಮೇ ತಿಂಗಳ ಒಂದು ವಾರ, 1976ರ ಮೇ ತಿಂಗಳ ಒಂದು ವಾರ. ಚುನಾವಣೆಯಲ್ಲಿ ಗೆದ್ದು ಬಂದ ಜನತಾ ಸರ್ಕಾರ 1977ರಲ್ಲಿ ಸಮೂಹ ಮಾಧ್ಯಮಗಳ ದುರುಪಯೋಗದ ಬಗ್ಗೆ ಒಂದು ಶ್ವೇತಪತ್ರ ತಂದಿತು. ಪತ್ರಿಕೆಗಳನ್ನು ಸ್ನೇಹಿ, ವಿರೋಧಿ, ತಟಸ್ಥ ಅಂತ ವಿಂಗಡಿಸಿ ಜಾಹೀರಾತು ಹಂಚಿದ ವಿಷಯ ಅದರಲ್ಲಿದೆ. ನಿಮ್ಮ ಸ್ಕೇಲಿನ ಲೆಕ್ಕವನ್ನು ಇದರ ಪಕ್ಕದಲ್ಲಿಡಿ.

ಸಂಸತ್ತಿನ ಒಂದು ದಿನ

ಸಮಯ ಕಡಿಮೆ ಇರುವವರಿಗೆ ನಾನು ಹೇಳುವುದು ಈ ಒಂದು ಅಭ್ಯಾಸವನ್ನಾದರೂ ಮಾಡಿ ಅಂತ.

1975ರ ಜುಲೈ 21ರಂದು ಲೋಕಸಭೆ ಸೇರಿತು. ಎಷ್ಟೋ ಜನ ಸದಸ್ಯರು ಜೈಲಿನಲ್ಲಿದ್ದರು. ಕೇರಳದ ಸಿಪಿಎಂ ನಾಯಕ ಎ.ಕೆ. ಗೋಪಾಲನ್ ಅವತ್ತು ಎದ್ದು ನಿಂತು ತುರ್ತುಪರಿಸ್ಥಿತಿಯನ್ನು ಕಟುವಾಗಿ ವಿರೋಧಿಸಿ ಮಾತಾಡಿದರು. ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಲೋಕಸಭೆಯ ಹಳೇ ಚರ್ಚೆಗಳು ಸಿಗುತ್ತವೆ. ಆ ದಿನದ್ದನ್ನು ಇಳಿಸಿಕೊಂಡು ಅವರ ಭಾಷಣ ಪೂರ್ತಿ ಓದಿ. ಆಮೇಲೆ ಜುಲೈ 22ರ ಯಾವುದೇ ಪತ್ರಿಕೆ ಬಿಚ್ಚಿ.

ಸೆನ್ಸಾರ್ ಕೊಟ್ಟ ಸೂಚನೆ ಹೀಗಿತ್ತು: ಮಂತ್ರಿಗಳ ಹೇಳಿಕೆಯನ್ನು ಪೂರ್ತಿಯಾಗಿ ಅಥವಾ ಚಿಕ್ಕದು ಮಾಡಿ ಹಾಕಬಹುದು. ಉಳಿದ ಸದಸ್ಯರು ಮಾತಾಡಿದರು ಅಂತ ಹೆಸರು, ಪಕ್ಷ ಹಾಕಬಹುದು, ಪರವೋ ವಿರೋಧವೋ ಅಂತ ಹೇಳಬಹುದು. ಏನು ಮಾತಾಡಿದರು ಅಂತ ಹಾಕುವ ಹಾಗಿಲ್ಲ.

ಈಗ ಎರಡು ಹಾಳೆಗಳನ್ನು ಪಕ್ಕಪಕ್ಕ ಇಡಿ. ಒಂದು ಕಡೆ ಗೋಪಾಲನ್ ಅವರ ಪುಟಗಟ್ಟಲೆ ಮಾತು. ಇನ್ನೊಂದು ಕಡೆ ಪೇಪರಿನಲ್ಲಿ ಅವರಿಗೆ ಸಿಕ್ಕ ಜಾಗ. ಬಿಟ್ಟುಹೋದದ್ದು ಏನು ಅನ್ನುವುದನ್ನು ನೀವೇ ಒಂದೊಂದಾಗಿ ಗುರುತಿಸಬಹುದು. ಜನರು ಆರಿಸಿ ಕಳಿಸಿದ ಒಬ್ಬ ಸದಸ್ಯ ಸದನದಲ್ಲಿ ಆಡಿದ ಮಾತು ಜನರನ್ನು ತಲುಪಲಿಲ್ಲ. ಅದು ಅಚ್ಚಾಗಿ ಸಂಸತ್ತಿನ ಕಪಾಟಿನಲ್ಲಿ ಉಳಿಯಿತು. ಹಾಗೆ ಉಳಿದದ್ದರಿಂದಲೇ ಇವತ್ತು ನಮಗೆ ಸಿಗುತ್ತಿದೆ.

ಇದರ ಹಿಂದೆ ಮುಂದೆ ಸ್ವಲ್ಪ ನೋಡಿ. ಸದನದ ಕಲಾಪವನ್ನು ಪತ್ರಿಕೆಗಳು ಭಯವಿಲ್ಲದೆ ವರದಿ ಮಾಡಬಹುದು ಅಂತ 1956ರಲ್ಲಿ ಕಾನೂನು ತಂದವರು ಫಿರೋಜ್ ಗಾಂಧಿ, ಇಂದಿರಾ ಗಾಂಧಿಯವರ ಪತಿ. 1975ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿದರು. 1977ರಲ್ಲಿ ವಾಪಸ್ ತಂದರು. 1978ರ 44ನೇ ತಿದ್ದುಪಡಿಯಲ್ಲಿ ಅದೇ ರಕ್ಷಣೆಯನ್ನು 361ಎ ವಿಧಿಯಾಗಿ ಸಂವಿಧಾನದೊಳಗೇ ಸೇರಿಸಿದರು. ಪತ್ರಿಕೆಯ ಒಂದು ಖಾಲಿತನ ಸಂವಿಧಾನದ ಒಂದು ವಿಧಿಯಾಗುವವರೆಗಿನ ದಾರಿ ಇದು. ವಿದ್ಯಾರ್ಥಿಗಳಿಗೆ ಇದನ್ನು ಪಾಠವಾಗಿ ಹೇಳಿದರೆ ಮರೆತುಬಿಡುತ್ತಾರೆ. ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿದವರು ಮರೆತದ್ದನ್ನು ನಾನು ಕಂಡಿಲ್ಲ.

ತುರ್ಕಮಾನ್ ಗೇಟಿಗೂ ಹೀಗೇ ಮಾಡಿ. 1976ರ ಏಪ್ರಿಲ್ ಮೂರನೇ ವಾರ ಹಳೇ ದೆಹಲಿಯಲ್ಲಿ ಮನೆ ಕೆಡವಲು ಹೋದಾಗ ಗೋಲಿಬಾರ್ ನಡೆಯಿತು, ಜನ ಸತ್ತರು. ಆ ವಾರದ ಪೇಪರುಗಳಲ್ಲಿ ಏನಿದೆ ನೋಡಿ. ಆಮೇಲೆ ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಣೆ ಮಾಡಿದ ಷಾ ಆಯೋಗದ 1978ರ ವರದಿಯಲ್ಲಿ ಅದೇ ಘಟನೆಯ ಭಾಗ ಓದಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಸುದ್ದಿಗಳನ್ನೂ ಹೀಗೇ ಎದುರುಬದುರು ಇಡಬೇಕು. ಪೇಪರಿನಲ್ಲಿ ಅದು "ಗುರಿ ಮೀರಿದ ಸಾಧನೆ" ಅಂತ ಬರುತ್ತದೆ. ಆಯೋಗದ ಲೆಕ್ಕದಲ್ಲಿ 1976-77 ಒಂದೇ ವರ್ಷ 81 ಲಕ್ಷಕ್ಕೂ ಜಾಸ್ತಿ ಶಸ್ತ್ರಚಿಕಿತ್ಸೆ. ಇಟ್ಟುಕೊಂಡ ಗುರಿ ಅದರ ಅರ್ಧದಷ್ಟು. ಸುದ್ದಿಯಲ್ಲಿದ್ದ ಅಂಕಿ ಸುಳ್ಳಲ್ಲ, ಅಲ್ವಾ? ಆ ಅಂಕಿ ಹೇಗೆ ಬಂತು ಅನ್ನುವುದನ್ನು ಹೇಳಲು ಬಿಡಲಿಲ್ಲ, ಅಷ್ಟೇ. ಇಂಥ ಕಡೆ ಜಾಸ್ತಿ ಹುಷಾರಾಗಿರಬೇಕು.

ಷಾ ಆಯೋಗವನ್ನು ನೇಮಿಸಿದ್ದು ಗೆದ್ದು ಬಂದ ಜನತಾ ಸರ್ಕಾರ ಅನ್ನುವುದನ್ನೂ ನಿಮ್ಮ ಟಿಪ್ಪಣಿಯಲ್ಲಿ ಬರೆಯಿರಿ. ವರದಿಯ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಪ್ರತಿ ದಾಖಲೆಯ ಹಿಂದೆ ಅದನ್ನು ಬರೆಸಿದವರು ಯಾರು ಅಂತ ಕೇಳುವ ಅಭ್ಯಾಸ ಎಲ್ಲರಿಗೂ ಒಂದೇ ಆಗಿರಬೇಕು.

ಒಳಪುಟಗಳಲ್ಲಿರುವ ಕರ್ನಾಟಕ

ಮುಖಪುಟ ನೋಡಿ ಮುಗಿಸುವವರಿಗೆ ಸಿಗುವುದು ದೆಹಲಿಯ ಕಥೆ ಮಾತ್ರ. ನನಗೆ ಇಷ್ಟವಾಗುವುದು ಮೂರನೇ, ನಾಲ್ಕನೇ ಪುಟ. ಜಿಲ್ಲಾ ವಾರ್ತೆ.

ಒಂದು ಪ್ರಶ್ನೆ ಇಟ್ಟುಕೊಂಡು ಓದಿ. 1977ರ ಮಾರ್ಚಿನಲ್ಲಿ ಉತ್ತರ ಪ್ರದೇಶದ 85ರಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ ಒಂದನ್ನೂ ಗೆಲ್ಲಲಿಲ್ಲ. ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ ಬಂತು. ಯಾಕೆ? ದೇಶದ ಚರಿತ್ರೆ ಬರೆದವರು ಜನರ ಸಿಟ್ಟಿನ ಬಗ್ಗೆ ಬರೆದರು. ಅದು ನಿಜ. ಆದರೆ ನಮ್ಮ ರಾಜ್ಯದ ಮತ ಆ ವಾಕ್ಯದೊಳಗೆ ಹಿಡಿಸುವುದಿಲ್ಲ.

ಉತ್ತರದ ಒಂದು ದೊಡ್ಡ ಪಾಲು ಆ ಒಳಪುಟಗಳಲ್ಲಿದೆ. ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಗಿತ್ತು. ಗೇಣಿದಾರರು ತಾವು ಉಳುವ ಭೂಮಿ ತಮಗೆ ಬೇಕು ಅಂತ ಫಾರಂ 7 ತುಂಬಿ ಕೊಡಬೇಕಿತ್ತು. ದಕ್ಷಿಣ ಕನ್ನಡದ ಕಡೆ ಇವತ್ತಿಗೂ ಹಿರಿಯರು "ಡಿಕ್ಲರೇಶನ್ ಕೊಟ್ಟದ್ದು" ಅಂತಲೇ ಹೇಳುವುದು. ಪ್ರತಿ ತಾಲ್ಲೂಕಿನ ಭೂ ನ್ಯಾಯಮಂಡಳಿ ಅರ್ಜಿ ವಿಚಾರಣೆ ಮಾಡುತ್ತಿತ್ತು. ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಒಡೆಯರ ಎದುರು ಒಕ್ಕಲು ತಾನೇ ನಿಂತು ಮಾತಾಡಬೇಕಿತ್ತು. 1975ರ ನವೆಂಬರಿನಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗದ ವರದಿ ಬಂತು. 1976ರಲ್ಲಿ ಋಣಪರಿಹಾರ ಕಾಯ್ದೆ, ಜೀತಪದ್ಧತಿ ರದ್ದು. ಹಕ್ಕುಪತ್ರ ವಿತರಣೆ, ನ್ಯಾಯಮಂಡಳಿ ಸಭೆಯ ತಾರೀಕು, ಗಿರವಿ ಒಡವೆ ವಾಪಸಾತಿ, ಹೀಗೆ ನಾಲ್ಕು ಸಾಲಿನ ಸುದ್ದಿಗಳು ಸಿಕ್ಕರೆ ಊರಿನ ಹೆಸರಿನ ಸಮೇತ ಬರೆದುಕೊಳ್ಳಿ. ಸರ್ಕಾರಕ್ಕೆ ಬೇಕಾದ ಸುದ್ದಿ ಅಂತಲೇ ಇವು ಅಚ್ಚಾಗಿರಬಹುದು. ಆದರೂ ಆ ಊರಿನ ಒಕ್ಕಲಿಗೆ ಭೂಮಿ ಸಿಕ್ಕಿತಾ ಅನ್ನುವುದನ್ನು ಪಹಣಿಯಲ್ಲಿ, ಮನೆಯವರ ಮಾತಿನಲ್ಲಿ ಪರೀಕ್ಷೆ ಮಾಡಬಹುದು.

ಅದೇ ಹೊತ್ತಿಗೆ ಬೆಂಗಳೂರಿನ ಜೈಲಿನಲ್ಲಿ ರಂಗನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳುತ್ತಿದ್ದರು. 1977ರ ಜನವರಿಯಲ್ಲಿ ಬಿಡುಗಡೆಯಾಗಿ ಕೆಲವೇ ದಿನಕ್ಕೆ, 20ನೇ ತಾರೀಕು, ತೀರಿಕೊಂಡರು. ಮರುದಿನದ ಪೇಪರುಗಳಲ್ಲಿ ಅವರ ಸಾವಿನ ಸುದ್ದಿ ಹುಡುಕಿ. ಸಿಕ್ಕರೆ ಅದರಲ್ಲಿ ಜೈಲಿನ ಮಾತು ಇದೆಯಾ ನೋಡಿ. ಭೂಮಿ ಸಿಕ್ಕ ಒಕ್ಕಲು, ಜೈಲಿನಲ್ಲಿ ಉಸಿರಾಡಲು ಕಷ್ಟಪಟ್ಟ ಕಲಾವಿದೆ, ಇಬ್ಬರೂ ಒಂದೇ ರಾಜ್ಯದ ಒಂದೇ ವರ್ಷದವರು. ನಿಮ್ಮ ಬರಹದಲ್ಲಿ ಒಬ್ಬರಿಗಾಗಿ ಇನ್ನೊಬ್ಬರನ್ನು ಬಿಡಬೇಡಿ. ಈ ವಿಷಯದಲ್ಲಿ ನಾನು ಹಠಮಾರಿ.

ಹಿರಿಯರನ್ನು ಕೇಳುವಾಗ

ಟಿಪ್ಪಣಿ ಸಿದ್ಧವಾದ ಮೇಲೆ ಜನರ ಹತ್ತಿರ ಹೋಗಿ, ಮೊದಲೇ ಬೇಡ. ಆ ಕಾಲದ ಪತ್ರಿಕೆಯವರು ಯಾರಾದರೂ ಇದ್ದರೆ ಅವರನ್ನು ಮೊದಲು ನೋಡಿ. "ಸೆನ್ಸಾರ್ ಹೇಗಿತ್ತು ಸರ್?" ಅಂತ ಕೇಳಿದರೆ "ಬಹಳ ಕಷ್ಟ ಇತ್ತಮ್ಮಾ" ಅಂತ ಒಂದು ಮಾತಿನಲ್ಲಿ ಮುಗಿಯುತ್ತದೆ. "ಗ್ಯಾಲಿ ಪ್ರೂಫ್ ತಗೊಂಡು ಯಾರು ಹೋಗ್ತಿದ್ರು? ಎಷ್ಟು ಹೊತ್ತಿಗೆ ವಾಪಸ್ ಬರೋದು?" ಅಂತ ಕೇಳಿ. ಗ್ಯಾಲಿ ಪ್ರೂಫ್ ಅಂದರೆ ಪುಟ ಕಟ್ಟುವ ಮೊದಲು ತೆಗೆಯುವ ಕರಡು ಪ್ರತಿ. ನನಗೆ ಹಿರಿಯ ಉಪಸಂಪಾದಕರೊಬ್ಬರು ಹೇಳಿದ್ದು ಇಂಥ ಪ್ರಶ್ನೆಗೇ. ಪ್ರೂಫ್ ಸೈಕಲ್ಲಿನಲ್ಲಿ ಹೋಗಿ ಸೀಲು ಬಿದ್ದು ಬರುವಷ್ಟರಲ್ಲಿ ಡಾಕ್ ಎಡಿಷನ್ ಹೊತ್ತು ಹೋಗುವ ಬಸ್ಸು ಹೊರಟುಬಿಡುತ್ತಿತ್ತಂತೆ. ಬಸ್ಸು ತಪ್ಪಿದರೆ ನಾಲ್ಕು ತಾಲ್ಲೂಕಿಗೆ ಪೇಪರ್ ಇಲ್ಲ. ಹಾಗಾಗಿ ಸಂಶಯ ಬರುವಂಥ ಸುದ್ದಿಯನ್ನು ಮೊಳೆ ಜೋಡಿಸಲು ಕೊಡುವುದನ್ನೇ ಬಿಟ್ಟರು. "ಅವರು ಹೊಡೆದು ಹಾಕಿದ್ದಕ್ಕಿಂತ ನಾವೇ ಬರೆಯದೆ ಬಿಟ್ಟದ್ದು ಜಾಸ್ತಿ" ಅಂದರು. ಸೆನ್ಸಾರಿನ ಕಡತ ಎಷ್ಟು ಹುಡುಕಿದರೂ ಈ ಮಾತು ಸಿಗುವುದಿಲ್ಲ. ಅಲ್ಲಿ ಇರುವುದು ಬರೆದು ಕಳಿಸಿದ್ದು ಮಾತ್ರ.

ಮನೆಯ ಅಜ್ಜ ಅಜ್ಜಿಯರ ಹತ್ತಿರ ಜೈಲು, ರಾಜಕೀಯ ಅಂತ ಶುರು ಮಾಡಬೇಡಿ. "ಅಜ್ಜೀ, ಆಗ ರೇಡಿಯೋ ಯಾರ ಮನೇಲಿತ್ತು? ಸುದ್ದಿ ಕೇಳೋಕೆ ಯಾರ್ಯಾರು ಬರ್ತಿದ್ರು?" ಅಂತ ಕೇಳಿ. ಸೊಸೈಟಿಯಲ್ಲಿ ಅಕ್ಕಿ ಸಿಗುತ್ತಿತ್ತಾ, ಆಪರೇಷನ್ ಕ್ಯಾಂಪಿಗೆ ಜನರನ್ನು ಯಾರು ಕರೆದುಕೊಂಡು ಹೋಗುತ್ತಿದ್ದರು, ಮೇಷ್ಟ್ರ ಸಂಬಳ ನಿಂತಿತ್ತಾ, ಹೀಗೆ. ಸಂತಾನಹರಣದ ವಿಷಯ ಬಂದಾಗ ಅವರಾಗಿ ಹೇಳಿದಷ್ಟನ್ನು ಮಾತ್ರ ಕೇಳಿ, ಹೆಸರು ಬರೆಯಬೇಡಿ. ಅವರು ಹೇಳಿದ ತಾರೀಕಿಗೂ ಪೇಪರಿನ ತಾರೀಕಿಗೂ ಹೊಂದದಿದ್ದರೆ ಅವರನ್ನು ತಿದ್ದಲು ಹೋಗಬೇಡಿ. ಎರಡನ್ನೂ ಬರೆದುಕೊಂಡು ಬನ್ನಿ.

ಬರೆಯುವಾಗ

ಒಂದು ಹಾಳೆಯನ್ನು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಪೇಪರಿನಲ್ಲಿದ್ದದ್ದು, ಪತ್ರಿಕೆಯ ಹೆಸರು, ತಾರೀಕು, ಪುಟ ಸಮೇತ. ಎರಡನೆಯದರಲ್ಲಿ ಸಂಸತ್ತು, ವಿಧಾನಸಭೆ, ಆಯೋಗ, ಕೋರ್ಟಿನ ದಾಖಲೆಯಲ್ಲಿದ್ದದ್ದು. ಮೂರನೆಯದರಲ್ಲಿ ಜನ ಹೇಳಿದ್ದು. ಎಷ್ಟೋ ಸಾಲುಗಳಲ್ಲಿ ಮೊದಲ ಕಾಲಂ ಖಾಲಿ ಇರುತ್ತದೆ. ಅದನ್ನು ಹಾಗೇ ಬಿಡಿ. "ಈ ದಿನದ ಈ ಮೂರು ಪತ್ರಿಕೆಗಳಲ್ಲಿ ಈ ಸುದ್ದಿ ಇಲ್ಲ" ಅಂತ ಬರೆಯಿರಿ. ಯಾವ ಪತ್ರಿಕೆ, ಯಾವ ಎಡಿಷನ್ ನೋಡಿದ್ದು ಅಂತ ಹೇಳದೆ "ಪತ್ರಿಕೆಗಳು ಬರೆಯಲಿಲ್ಲ" ಅಂದರೆ ಅದು ಅನ್ಯಾಯ. ಡಾಕ್ ಎಡಿಷನ್‌ನಲ್ಲಿ ಇಲ್ಲದ್ದು ಸಿಟಿ ಎಡಿಷನ್‌ನಲ್ಲಿ ಬಂದಿರಬಹುದು.

ಅವತ್ತಿನ ಸಂಪಾದಕರನ್ನು ಹೇಡಿಗಳು ಅಂತಲೋ ವೀರರು ಅಂತಲೋ ಬರೆಯುವ ಆಸೆ ಬರುತ್ತದೆ. ತಡೆದುಕೊಳ್ಳಿ. ಅವರ ಪ್ರೆಸ್ಸಿನಲ್ಲಿ ಎಷ್ಟು ಜನ ಕೆಲಸಕ್ಕಿದ್ದರು, ನ್ಯೂಸ್‌ಪ್ರಿಂಟ್ ಕೋಟಾ ಯಾರ ಕೈಲಿತ್ತು, ಜಾಹೀರಾತು ಎಷ್ಟು ಇಳಿಯಿತು ಅನ್ನುವುದನ್ನು ಹಾಕಿ, ತೀರ್ಮಾನ ಓದುವವರದ್ದಾಗಲಿ.

ಇದೇ ಕ್ರಮ ಬೇರೆ ಕಾಲಕ್ಕೂ ನಡೆಯುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಾಯ್ದೆ ತಂದಾಗ ತಾತಯ್ಯನವರು, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಏಕೀಕರಣದ ಕಾಲದ ಹುಬ್ಬಳ್ಳಿ, ಬೆಂಗಳೂರು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟರೆ 1956ರ ನವೆಂಬರ್ 1 ಎರಡು ಊರಿಗೆ ಎರಡು ಬಗೆಯಾಗಿ ಕಂಡದ್ದು ತಿಳಿಯುತ್ತದೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿದರಲ್ಲ, ಆ ಎರಡು ತಿಂಗಳ ಪೇಪರಂತೂ ಓದಲೇಬೇಕು. ಸೆನ್ಸಾರ್ ಹೋದ ಮೇಲೆ ಪತ್ರಿಕೆಗಳ ದನಿ ಎಷ್ಟು ಏರಿತ್ತು ಅನ್ನುವುದು ಅಲ್ಲಿ ಕೇಳುತ್ತದೆ.

ನೀವು ಮಾಡಿದ ಪಟ್ಟಿಯ ಒಂದು ಪ್ರತಿಯನ್ನು ಆ ಲೈಬ್ರರಿಗೇ ಕೊಟ್ಟು ಬನ್ನಿ. ಯಾವ ತಿಂಗಳ ಫೈಲಿನಲ್ಲಿ ಯಾವ ದಿನದ ಸಂಚಿಕೆ ಇಲ್ಲ, ಯಾವ ಹಾಳೆ ಹರಿದಿದೆ ಅನ್ನುವುದನ್ನೂ ಅದರಲ್ಲಿ ಬರೆಯಿರಿ. ಮುಂದಿನ ಜೂನ್‌ನಲ್ಲಿ ಬರುವ ಹುಡುಗನಿಗೆ ಎರಡು ದಿನದ ಕೆಲಸ ಉಳಿಯುತ್ತದೆ.